ಒಂದೇ ಮನೆ, ಎರಡು ಕಂಪ್ಯೂಟರು, ನಲವತ್ತು ವರ್ಷ

ಐಟಿಯಲ್ಲಿ ಕೆಲಸ ಮಾಡುವ, ಊರಲ್ಲಿ ಮನೆ ಇರುವ ಎಲ್ಲರಿಗೂ ಈ ಫೋನು ಒಂದಲ್ಲ ಒಂದು ದಿನ ಬಂದೇ ಬರುತ್ತೆ. "ತಮ್ಮಾ, ಮನ್ಯಾಗ ಎರಡು ಕಂಪ್ಯೂಟರ್ ಅದಾವ. ವೈಫೈ ಒಂದ ಐತಿ. ಆದ್ರ ಈ ಕಡೆ ಇರೋ ಫೋಲ್ಡರ್ ಆ ಕಡೆ ಕಾಣವಲ್ತು. ನೀ ಕಂಪ್ಯೂಟರ್ ಇಂಜಿನಿಯರ್ ಅಲ್ಲೇನ, ಏನಾಗೇತಿ ನೋಡು." ನಾವು ಆಫೀಸಲ್ಲಿ ಟೆಸ್ಟಿಂಗ್ ಮಾಡ್ತೀವೋ, ಬ್ಯಾಂಕಿನ ಸಾಫ್ಟ್‌ವೇರ್ ಬರೀತೀವೋ, ಊರಿನವರಿಗೆ ಅದು ಲೆಕ್ಕಕ್ಕಿಲ್ಲ. ಬಿಇ ಅಂತ ಒಂದು ಓದಿದ ಮೇಲೆ ಪ್ರಿಂಟರಿನಿಂದ ಹಿಡಿದು ಟಿವಿ ರಿಮೋಟಿನ ತನಕ ಎಲ್ಲಾ ನಮ್ಮ ಜವಾಬ್ದಾರಿ.

ನಮ್ಮ ಗುಳೇದಗುಡ್ಡವನ್ನೇ ತಗೊಳ್ಳಿ. ಬಾದಾಮಿ ಸೀಮೆಯ ಈ ಊರು ಖಣಕ್ಕೆ ಹೆಸರುವಾಸಿ. ಉಡಿ ತುಂಬುವಾಗ ಅಕ್ಕಿ, ಕಾಯಿ ಜೊತೆ ಮಡಿಸಿ ಇಡುವ ಕುಪ್ಪಸದ ಬಟ್ಟೆ ಅದು. ಮಗ್ಗ ಇರುವುದು ಮನೆಯೊಳಗೇ, ವ್ಯಾಪಾರ ನಡೆಯುವುದೂ ಬಹಳ ಕಡೆ ಮನೆಯ ಮುಂದಿನ ಕೋಣೆಯಲ್ಲೇ. ಅಂಥದೊಂದು ಖಣದ ವ್ಯಾಪಾರಿಯ ಮನೆ ಅಂತ ಇಟ್ಟುಕೊಳ್ಳಿ. ಮುಂದಿನ ಕೋಣೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪು. ಯಾವ ನೇಕಾರರಿಗೆ ಎಷ್ಟು ನೂಲು ಕೊಟ್ಟಿದ್ದು, ಎಷ್ಟು ಖಣ ಬಂದಿದ್ದು, ಯಾರ ಬಾಕಿ ಎಷ್ಟು ಅನ್ನೋ ಹತ್ತು ಹದಿನೈದು ವರ್ಷದ ಲೆಕ್ಕ ಅದರಲ್ಲಿದೆ. ಒಳಗಿನ ಕೋಣೆಯಲ್ಲಿ ಮಗಳ ಹೊಸ ಲ್ಯಾಪ್‌ಟಾಪು. ಅದರಲ್ಲಿ ಹೊಸ ಖಣಗಳ ಫೋಟೋ. ಈಗ ಖಣದಲ್ಲಿ ಬ್ಯಾಗು, ಸೀರೆ, ಕುರ್ತಾ ಎಲ್ಲಾ ಬಂದು, ಬೆಂಗಳೂರು ಪುಣೆಯಿಂದ ವಾಟ್ಸಾಪಲ್ಲಿ ಕೇಳ್ತಾರಲ್ಲ, ಅವರಿಗೆ ಕಳಿಸೋಕೆ. ಎರಡೂ ಮಶೀನಿನ ನಡುವೆ ಇಪ್ಪತ್ತು ಅಡಿ ದೂರ ಇಲ್ಲ. ಆದರೂ ಪೆನ್‌ಡ್ರೈವು ದಿನಕ್ಕೆ ಹತ್ತು ಸಲ ನಡುಮನೆ ದಾಟುತ್ತೆ.

ಇಂಥ ತೊಂದರೆಗೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೂರು ಉತ್ತರ ತಟ್ಟನೆ ಸಿಗ್ತವೆ. ಫೈರ್‌ವಾಲ್ ಆಫ್ ಮಾಡಿ. ಎಸ್‌ಎಂಬಿ 1 ಆನ್ ಮಾಡಿ. ಫೋಲ್ಡರಿಗೆ ‘ಎವ್ರಿವನ್’ ಅಂತ ಹಾಕಿ ಎಲ್ಲಾ ಅನುಮತಿ ಕೊಟ್ಟುಬಿಡಿ. ಮೂರನ್ನೂ ಮಾಡಿದರೆ ಎಷ್ಟೋ ಸಲ ಫೋಲ್ಡರು ಕಾಣುತ್ತೆ ಕೂಡ. ಆದರೆ ಈ ಮೂರರಲ್ಲಿ ಒಂದನ್ನು ನಮ್ಮ ಆಫೀಸಿನ ಮಶೀನಲ್ಲಿ ಮಾಡಿದರೂ ಸಂಜೆಯೊಳಗೆ ಸೆಕ್ಯುರಿಟಿ ಟೀಮಿನಿಂದ ಮೇಲ್ ಬರುತ್ತೆ. ಕಂಪನಿಗೆ ಬೇಡವಾದದ್ದನ್ನು ಅಪ್ಪನ ಲೆಕ್ಕದ ಪುಸ್ತಕಕ್ಕೆ ಯಾಕೆ ಕೊಡ್ತೀವಿ? ಯಾಕಂದ್ರೆ ಆ ಮೂರು ಉತ್ತರ ಎಲ್ಲಿಂದ ಬಂದವು ಅಂತ ನಮಗೆ ಗೊತ್ತಿಲ್ಲ. ಅವು ಹಳೆಯ ಒಂದು ಕಾಲದ ಉಳಿಕೆ. ಆ ಕಾಲ ಹೇಗಿತ್ತು, ಯಾಕೆ ಮುಗೀತು ಅಂತ ತಿಳ್ಕೊಂಡರೆ ಎರಡು ಕಂಪ್ಯೂಟರು ಮಾತು ಬಿಟ್ಟ ಕಾರಣವೂ ಗೊತ್ತಾಗುತ್ತೆ, ಸರಿ ಮಾಡೋ ದಾರಿಯೂ ಕಾಣುತ್ತೆ.

ಒಂದು ತಂತಿ, ಎಲ್ಲರ ಕಿವಿ

ಕತೆ ಶುರುವಾಗೋದು 1973ರ ಮೇ 22ಕ್ಕೆ. ಅಮೆರಿಕದ ಪಾಲೋ ಆಲ್ಟೊದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಅನ್ನೋ ಇಂಜಿನಿಯರ್ ಅವತ್ತು ಒಂದು ಟಿಪ್ಪಣಿ ಬರೆದ. ಹೌದು, ನಾವು ಆಧಾರ್ ಕಾರ್ಡಿನ ಎರಡು ಜೆರಾಕ್ಸ್ ಕೊಡಿ ಅಂತೀವಲ್ಲ, ಅದೇ ಜೆರಾಕ್ಸ್. ಅಲ್ಲಿ ಆಲ್ಟೊ ಅನ್ನೋ ಸಣ್ಣ ಕಂಪ್ಯೂಟರುಗಳಿದ್ದವು, ಲೇಸರ್ ಪ್ರಿಂಟರು ತಯಾರಾಗ್ತಾ ಇತ್ತು. ಇವನ್ನೆಲ್ಲ ಒಂದಕ್ಕೊಂದು ಜೋಡಿಸಬೇಕಿತ್ತು. ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಸೇರಿ ಮಾಡಿದ ಆ ಜೋಡಣೆಗೆ ಈಥರ್ನೆಟ್ ಅಂತ ಹೆಸರು ಬಂತು.

ಅದರ ಕೆಲಸ ಸರಳ. ಒಂದೇ ಕೇಬಲ್, ಎಲ್ಲ ಮಶೀನುಗಳೂ ಅದಕ್ಕೇ ಜೋತುಬಿದ್ದಿರ್ತವೆ. ಒಂದು ಮಾತಾಡಿದರೆ ಎಲ್ಲಕ್ಕೂ ಕೇಳಿಸುತ್ತೆ, ಯಾರಿಗೆ ಹೇಳಿದ್ದೋ ಅವರು ಮಾತ್ರ ತಗೊಳ್ಳಬೇಕು. ಎರಡು ಒಟ್ಟಿಗೇ ಬಾಯಿ ಹಾಕಿದರೆ ಎರಡೂ ಸುಮ್ಮನಾಗಿ, ಒಂದೊಂದು ಒಂದಿಷ್ಟು ಹೊತ್ತು ಕಾದು ಮತ್ತೆ ಶುರು ಮಾಡಬೇಕು. ಹವಾಯಿ ದ್ವೀಪಗಳ ನಡುವೆ ರೇಡಿಯೋ ಮೂಲಕ ಕಂಪ್ಯೂಟರು ಜೋಡಿಸಿದ್ದ ಅಲೋಹಾ ಅನ್ನೋ ಜಾಲದಿಂದ ಮೆಟ್‌ಕಾಫ್‌ಗೆ ಈ ಉಪಾಯ ಹೊಳೆದಿತ್ತು. ನಮಗೆ ಹವಾಯಿ ಬೇಡ, ಊರಿನ ಕಟ್ಟೆ ಸಾಕು. ಕಟ್ಟೆ ಮೇಲೆ ಹತ್ತು ಮಂದಿ ಕೂತು ಮಾತಾಡುವಾಗ ಇದೇ ನಿಯಮ ನಡೆಯುತ್ತೆ.

ಕಟ್ಟೆಗೂ ಆ ಕೇಬಲ್ಲಿಗೂ ಇನ್ನೂ ಒಂದು ಹೋಲಿಕೆ ಇತ್ತು. ಅಲ್ಲಿ ಕೂತವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರು. ಒಂದೇ ಕಟ್ಟಡ, ಒಂದೇ ಕಂಪನಿ, ಒಂದೇ ಕ್ಯಾಂಟೀನು. ‘ನೀ ಯಾರ ಪೈಕಿ?’ ಅಂತ ಕೇಳುವ ಅಗತ್ಯವೇ ಇರಲಿಲ್ಲ. ಮುಂದಿನ ಎಲ್ಲ ರಗಳೆಯ ಬೀಜ ಇಲ್ಲಿದೆ.

ಹೆಸರು ಕೂಗುವ ಕಾಲ

1981ರಲ್ಲಿ ಐಬಿಎಂ ಪಿಸಿ ಬಂತು. ಆಫೀಸುಗಳಲ್ಲಿ ಟೇಬಲ್ಲಿಗೊಂದು ಕಂಪ್ಯೂಟರಾದಾಗ ಅವನ್ನೂ ಜೋಡಿಸೋಣ ಅನ್ನಿಸಿತು. 1983ರಲ್ಲಿ ಸೈಟೆಕ್ ಅನ್ನೋ ಕಂಪನಿ ಐಬಿಎಂಗೆ ನೆಟ್‌ಬಯೋಸ್ ಅಂತ ಮಾಡಿಕೊಟ್ಟಿತು. ಪ್ರತಿ ಮಶೀನಿಗೂ ಒಂದು ಹೆಸರು. ಆ ಹೆಸರಿನವರು ಎಲ್ಲಿದ್ದಾರೆ ಅಂತ ತಿಳೀಬೇಕಾದರೆ ಜೋರಾಗಿ ಕೂಗೋದು: "ಇಲ್ಲಿ ಅಂಗಡಿ ಅನ್ನೋ ಹೆಸರಿನವರು ಅದೀರೇನ್ರೀ?" ಇದ್ದವರು ಓ ಅಂತಾರೆ. ಹತ್ತು ಮನೆಯ ಓಣಿಯಲ್ಲಿ ಈ ಪದ್ಧತಿ ಚೆನ್ನಾಗೇ ನಡೆಯುತ್ತೆ.

ಇವತ್ತಿಗೂ ವಿಂಡೋಸಿನಲ್ಲಿ ಕಂಪ್ಯೂಟರಿಗೆ ಹದಿನೈದು ಅಕ್ಷರಕ್ಕಿಂತ ಉದ್ದದ ಹೆಸರಿಟ್ಟರೆ ಅದು ತಕರಾರು ತೆಗೆಯೋದು ನೆಟ್‌ಬಯೋಸಿನ ಋಣ. ಅದರಲ್ಲಿ ಹೆಸರಿಗೆ ಇದ್ದ ಜಾಗ ಹದಿನಾರು. ಆ ಹದಿನಾರನೆಯದನ್ನು ಮೈಕ್ರೋಸಾಫ್ಟ್ ಈ ಮಶೀನು ಏನು ಕೆಲಸ ಮಾಡುತ್ತೆ ಅಂತ ಗುರುತಿಸೋಕೆ ಇಟ್ಟುಕೊಂಡಿತು. ಉಳಿದದ್ದು ಹದಿನೈದು.

ಹೆಸರು ಸಿಕ್ಕಿತು, ಫೈಲು ಕೇಳೋದು ಹೇಗೆ? ಅದೇ ಹೊತ್ತಿಗೆ ಐಬಿಎಂನ ಬ್ಯಾರಿ ಫೀಗನ್‌ಬಾಮ್ ಅದಕ್ಕೊಂದು ಭಾಷೆ ಕಟ್ಟಿದ. ಮೊದಲು ಅದಕ್ಕೆ ತನ್ನದೇ ಹೆಸರಿನ ಮೊದಲಕ್ಷರಗಳನ್ನು ಇಟ್ಟಿದ್ದನಂತೆ, ಆಮೇಲೆ ಸರ್ವರ್ ಮೆಸೇಜ್ ಬ್ಲಾಕ್ ಅಂತಾಯಿತು. ಅದೇ ಎಸ್‌ಎಂಬಿ. ‘ಈ ಫೈಲು ತೆಗಿ’, ‘ಇಷ್ಟು ಓದು’, ‘ಇದನ್ನು ಬರಿ’, ‘ಮುಚ್ಚು’ ಅನ್ನೋ ಆಜ್ಞೆಗಳು ತಂತಿಯ ಮೇಲೆ ಹೋಗ್ತವೆ, ಆ ಕಡೆಯ ಡಿಸ್ಕು ಈ ಕಡೆ ನಮ್ಮದೇ ಅನ್ನುವಂತೆ ಕಾಣುತ್ತೆ.

ಇದರಲ್ಲಿ ನನಗೆ ಬಹಳ ಹಿಡಿಸಿದ ವಿಷಯ ಒಂದಿದೆ. ಎಸ್‌ಎಂಬಿಯಲ್ಲಿ ಬೇರೆ ಬೇರೆ ಆವೃತ್ತಿಗಳಿಗೆ ‘ಡಯಲೆಕ್ಟ್’ ಅಂತಲೇ ಹೆಸರು. ಅಂದರೆ ನಮ್ಮ ಕಡೆ ಕನ್ನಡ, ಮಂಗಳೂರು ಕಡೆ ಕನ್ನಡ ಅಂತೀವಲ್ಲ, ಹಾಗೆ. ಎರಡು ಮಶೀನು ಭೇಟಿಯಾದಾಗ ಮೊದಲ ಮಾತೇ ಅದು. ಒಂದು ತನಗೆ ಬರುವ ಡಯಲೆಕ್ಟುಗಳ ಪಟ್ಟಿ ಕೊಡುತ್ತೆ, ಇನ್ನೊಂದು ಅದರಲ್ಲಿ ಒಂದನ್ನು ಆರಿಸುತ್ತೆ. ಎರಡಕ್ಕೂ ಬರುವುದು ಒಂದೂ ಇಲ್ಲದಿದ್ದರೆ ಮಾತುಕತೆ ಅಲ್ಲಿಗೇ ಮುಗೀತು.

ಇಳಕಲ್ಲಿನ ಮಗ್ಗ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಇಳಕಲ್ ಸೀರೆಯಲ್ಲಿ ಮೈಗೆ ಒಂದು ಹಾಸು, ಸೆರಗಿಗೆ ಬೇರೆಯೇ ಹಾಸು. ಎರಡನ್ನೂ ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿ ಜೋಡಿಸ್ತಾರೆ. ಮೈಯ ಎಳೆಗೆ ಸೆರಗಿನ ಎಳೆ ಸಿಗಬೇಕು, ಇಲ್ಲದಿದ್ದರೆ ಮುಂದೆ ನೇಯೋಕೆ ಆಗಲ್ಲ. ಎಸ್‌ಎಂಬಿಯ ಮೊದಲ ಮಾತುಕತೆಯೂ ಇಂಥದೇ ಕುಣಿಕೆ.

ವಿಂಡೋಸ್ ಎಕ್ಸ್‌ಪಿ ಬಂದಿದ್ದು 2001ರಲ್ಲಿ. ಅದು ತನ್ನ ಡಯಲೆಕ್ಟುಗಳ ಪಟ್ಟಿ ಕೊಡುವಾಗ ‘ಪಿಸಿ ನೆಟ್‌ವರ್ಕ್ ಪ್ರೋಗ್ರಾಂ 1.0’ ಅನ್ನೋ ಐಬಿಎಂ ಕಾಲದ ಹೆಸರನ್ನು ಇನ್ನೂ ಹೇಳ್ತಾ ಇತ್ತು. ಮೊಮ್ಮಕ್ಕಳು ಸಂಕಲ್ಪ ಮಾಡುವಾಗ ಮುತ್ತಜ್ಜನ ಹೆಸರು ಹೇಳಿದ ಹಾಗೆ.

ಬಾಗಿಲು ತೆರೆದಿಟ್ಟ ವರ್ಷಗಳು

1992ರ ಅಕ್ಟೋಬರಿನಲ್ಲಿ ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್ ಬಂತು. ಅಲ್ಲಿವರೆಗೆ ಬಹಳ ಕಡೆ ಫೈಲು ಹಂಚಿಕೆ ಅಂದರೆ ದೊಡ್ಡದೊಂದು ಸರ್ವರ್, ಅದನ್ನು ನೋಡಿಕೊಳ್ಳೋಕೆ ಒಬ್ಬ ಮನುಷ್ಯ. ಈಗ ಯಾವ ಕಂಪ್ಯೂಟರಾದರೂ ತನ್ನ ಫೋಲ್ಡರನ್ನು ಪಕ್ಕದವರಿಗೆ ಕೊಡಬಹುದಾಯಿತು. ಸರ್ವರ್ ಬೇಡ, ಯಜಮಾನ ಬೇಡ.

ಯಜಮಾನ ಇಲ್ಲದಿದ್ದರೂ ಯಾರ್ಯಾರು ಇದ್ದಾರೆ ಅಂತ ಪಟ್ಟಿ ಯಾರಾದರೂ ಇಟ್ಟುಕೊಳ್ಳಬೇಕಲ್ಲ? ಅದಕ್ಕೆ ಮಶೀನುಗಳು ತಮ್ಮತಮ್ಮೊಳಗೇ ಚುನಾವಣೆ ಮಾಡಿಕೊಳ್ತಿದ್ದವು. ತಮಾಷೆ ಅಲ್ಲ, ಅದರ ಹೆಸರೇ ಎಲೆಕ್ಷನ್. ಗೆದ್ದ ಮಶೀನು ಪಟ್ಟಿ ಇಟ್ಟುಕೊಳ್ಳುತ್ತೆ. ಉಳಿದವು ಹನ್ನೆರಡು ನಿಮಿಷಕ್ಕೊಮ್ಮೆ ‘ನಾ ಇದೀನಿ’ ಅಂತ ಹಾಜರಿ ಹೇಳಬೇಕು. ಮೂರು ಸಲ ಹೇಳದಿದ್ದರೆ ಹೆಸರು ಹೊಡೆದು ಹಾಕ್ತಾರೆ. ಅಂದರೆ ಯಾರೋ ಕರೆಂಟ್ ಹೋಗಿ ಮಶೀನು ಆರಿಹೋದರೂ ಮೂವತ್ತಾರು ನಿಮಿಷ ಅದು ಪಟ್ಟಿಯಲ್ಲಿ ಕಾಣ್ತಾನೇ ಇರುತ್ತೆ. ಆ ಕಾಲದಲ್ಲಿ ಕಾಲೇಜು ಲ್ಯಾಬಿನಲ್ಲಿ ‘ಹೆಸರು ಕಾಣ್ತದ, ಒಳಗ ಹೋಗಂಗಿಲ್ಲ’ ಅನ್ನೋ ಗೋಳು ಇತ್ತಲ್ಲ, ಅದರ ಮೂಲ ಇದೇ.

1995ರಲ್ಲಿ ವಿಂಡೋಸ್ 95, ಆಮೇಲೆ 98. ಇವುಗಳಲ್ಲಿ ಫೋಲ್ಡರಿಗೆ ಒಂದು ಪಾಸ್‌ವರ್ಡ್ ಇಟ್ಟರೆ ಮುಗೀತು, ಬರುವವರು ಯಾರು ಅಂತ ಕೇಳುವ ಪದ್ಧತಿ ಇಲ್ಲ. ಆ ಬೀಗವಾದರೂ ಗಟ್ಟಿ ಇತ್ತಾ? 2000ದ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಒಂದು ತಿದ್ದುಪಡಿ ಹೊರಡಿಸಿತು. ಪಾಸ್‌ವರ್ಡಿನ ಎಷ್ಟು ಅಕ್ಷರ ಹೋಲಿಸಿ ನೋಡಬೇಕು ಅಂತ ತೀರ್ಮಾನಿಸುವುದನ್ನು ಬಾಗಿಲು ತಟ್ಟಿದವನ ಕೈಗೇ ಬಿಟ್ಟಿದ್ದರು! ‘ಒಂದೇ ಅಕ್ಷರ ನೋಡಿ ಸಾಕು’ ಅಂತ ಅವನು ಹೇಳಿದರೆ ಮಶೀನು ಒಂದೇ ಅಕ್ಷರ ನೋಡ್ತಿತ್ತು. ಎಷ್ಟೇ ಉದ್ದದ ಪಾಸ್‌ವರ್ಡಿದ್ದರೂ ಮೊದಲ ಅಕ್ಷರ ಊಹಿಸಿದರೆ ಬಾಗಿಲು ತೆಗೆಯುತ್ತೆ.

ಇಷ್ಟು ಸಡಿಲ ಯಾಕೆ ಬಿಟ್ಟರು ಅಂತ ಈಗ ನಗಬಹುದು. ಆದರೆ ಅದು ಓಣಿಯ ಲೆಕ್ಕ. ಊರಲ್ಲಿ ಹಗಲುಹೊತ್ತು ಬಾಗಿಲಿಗೆ ಬೀಗ ಹಾಕಲ್ಲ, ಬಂದವರು ಗೊತ್ತಿದ್ದವರೇ. ತಂತಿ ಕಟ್ಟಡದ ಹೊರಗೆ ಹೋಗದಿದ್ದಾಗ ಇದು ನಡೀತಿತ್ತು. ಆಮೇಲೆ ಓಣಿಯ ಕೊನೆಗೆ ಹೆದ್ದಾರಿ ಬಂತು. ನಮ್ಮಲ್ಲಿ 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಯಿತು, ನಿಧಾನಕ್ಕೆ ಸಣ್ಣ ಊರುಗಳಿಗೂ ಬಂತು. ಬಾಗಿಲು ಮಾತ್ರ ಹಾಗೇ ತೆರೆದಿತ್ತು.

ಕೇಳಿ ಕೇಳಿ ಕಲಿತವನು

ಇದೇ ಕಾಲದ ಇನ್ನೊಂದು ಕತೆ ಹೇಳದಿದ್ದರೆ ಅನ್ಯಾಯವಾಗುತ್ತೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಅನ್ನೋ ಪಿಎಚ್‌ಡಿ ವಿದ್ಯಾರ್ಥಿ ಇದ್ದ. ಅವನ ಪಿಸಿಯಿಂದ ಯೂನಿಕ್ಸ್ ಮಶೀನಿನ ಫೈಲುಗಳನ್ನು ತೆಗೀಬೇಕಿತ್ತು. ಆ ಭಾಷೆಯ ವ್ಯಾಕರಣ ಬರೆದ ಕಾಗದ ಕೈಯಲ್ಲಿರಲಿಲ್ಲ. 1991ರ ಕೊನೆಗೆ ಅವನು ತಂತಿಯ ಮೇಲೆ ಹೋಗುವ ಮಾತನ್ನು ಸುಮ್ಮನೆ ಕೇಳಿಸಿಕೊಳ್ಳುತ್ತಾ ಕೂತ. ಇದು ಹೀಗೆ ಕೇಳಿದರೆ ಅದು ಹಾಗೆ ಉತ್ತರ ಕೊಡುತ್ತೆ ಅಂತ ಗುರುತು ಹಾಕಿಕೊಂಡು, ಅದೇ ರೀತಿ ಉತ್ತರಿಸುವ ಪ್ರೋಗ್ರಾಂ ಬರೆದು 1992ರ ಜನವರಿಯಲ್ಲಿ ಎಲ್ಲರಿಗೂ ಬಿಟ್ಟ. ಬಸ್‌ಸ್ಟ್ಯಾಂಡಿನಲ್ಲಿ ಕಡ್ಲಿ ಮಾರುವ ಹುಡುಗರು ಮರಾಠಿ, ಹಿಂದಿ, ತೆಲುಗು ಕಲಿಯೋದು ಹೀಗೇ ತಾನೇ?

ಅವನು ಮೊದಲು ಇಟ್ಟ ಹೆಸರು ಬೇರೆ ಕಂಪನಿಯದಾಗಿತ್ತು, ಬದಲಾಯಿಸಬೇಕಾಯಿತು. ಕಂಪ್ಯೂಟರಿನಲ್ಲಿದ್ದ ಪದಗಳ ಪಟ್ಟಿಯಲ್ಲಿ ಎಸ್, ಎಂ, ಬಿ ಅದೇ ಕ್ರಮದಲ್ಲಿ ಬರುವ ಪದ ಹುಡುಕಿದ. ‘ಸಾಂಬಾ’ ಸಿಕ್ಕಿತು. ಬ್ರೆಜಿಲ್ಲಿನ ಕುಣಿತದ ಹೆಸರು ಫೈಲು ಹಂಚುವ ತಂತ್ರಾಂಶಕ್ಕೆ ಬಂದದ್ದು ಹೀಗೆ.

ಮುಂದೆ ಯುರೋಪಿನಲ್ಲಿ ಮೈಕ್ರೋಸಾಫ್ಟ್ ಮೇಲೆ ದೊಡ್ಡ ಕೇಸು ನಡೆದು, ಬೇರೆಯವರ ಸಾಫ್ಟ್‌ವೇರಿನ ಜೊತೆ ಮಾತಾಡಲು ಬೇಕಾದ ವಿವರ ಕೊಡಬೇಕು ಅಂತ 2004ರಲ್ಲಿ ಆದೇಶವಾಯಿತು. 2007ರಲ್ಲಿ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಹತ್ತು ಸಾವಿರ ಯೂರೋ ಕೊಟ್ಟು ಸಾಂಬಾದವರಿಗೆ ಆ ಕಾಗದಪತ್ರ ಸಿಕ್ಕವು. ಅಷ್ಟು ಹೊತ್ತಿಗೆ ಅವರು ಹದಿನೈದು ವರ್ಷ ಬರೀ ಕೇಳಿಸಿಕೊಂಡೇ ಕಲಿತಿದ್ದರು. ಇವತ್ತು ವೈಫೈ ರೌಟರಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿ ಮನೆಮಂದಿಯೆಲ್ಲ ಸಿನಿಮಾ ನೋಡ್ತಾರಲ್ಲ, ಅಂಥ ಡಬ್ಬಿಗಳ ಒಳಗೆ ಬಹುತೇಕ ಇರೋದು ಸಾಂಬಾ.

2017ರ ಮೇ 12

ಬಾಗಿಲು ಮುಚ್ಚಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ ಅಂತಲ್ಲ. 2007ರ ವಿಂಡೋಸ್ ವಿಸ್ತಾ ‘ಈ ನೆಟ್‌ವರ್ಕು ಮನೆಯದೋ, ಆಫೀಸಿನದೋ, ಸಾರ್ವಜನಿಕ ಜಾಗದ್ದೋ’ ಅಂತ ಕೇಳೋಕೆ ಶುರು ಮಾಡಿತು. ಎಸ್‌ಎಂಬಿ 2 ಅನ್ನೋ ಹೊಸ ಡಯಲೆಕ್ಟನ್ನೂ ತಂದಿತು. ಆದರೆ ಹಳೆಯದನ್ನು ತೆಗೆಯಲಿಲ್ಲ. ಯಾರದೋ ಮನೆಯಲ್ಲಿ ಎಕ್ಸ್‌ಪಿ ಇದೆ, ಯಾವುದೋ ಆಫೀಸಿನಲ್ಲಿ ಹಳೇ ಸ್ಕ್ಯಾನರ್ ಇದೆ, ಅವು ನಿಂತುಹೋದರೆ ಜನ ಬೈತಾರೆ. 2016ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟಿನಲ್ಲಿ ಎಸ್‌ಎಂಬಿ ನೋಡಿಕೊಳ್ಳುತ್ತಿದ್ದ ನೆಡ್ ಪೈಲ್ ‘ದಯವಿಟ್ಟು ಎಸ್‌ಎಂಬಿ 1 ಬಳಸೋದು ನಿಲ್ಲಿಸಿ’ ಅಂತ ಬರೆದ. ಕೇಳಿದವರು ಕಮ್ಮಿ.

ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಗೆ ಎಸ್‌ಎಂಬಿ 1ರಲ್ಲಿ ಒಂದು ಕಂಡಿ ಗೊತ್ತಿತ್ತು. ಅದನ್ನು ಬಳಸೋಕೆ ‘ಎಟರ್ನಲ್‌ಬ್ಲೂ’ ಅನ್ನೋ ಆಯುಧವನ್ನೂ ಮಾಡಿಟ್ಟುಕೊಂಡಿತ್ತು. 2017ರ ಮಾರ್ಚಿ 14ಕ್ಕೆ ಮೈಕ್ರೋಸಾಫ್ಟ್ ಆ ಕಂಡಿ ಮುಚ್ಚುವ ತಿದ್ದುಪಡಿ ಬಿಟ್ಟಿತು. ಏಪ್ರಿಲ್ 14ಕ್ಕೆ ಒಂದು ಗುಂಪು ಆ ಆಯುಧವನ್ನು ಇಂಟರ್ನೆಟ್ಟಿನಲ್ಲಿ ಬಹಿರಂಗವಾಗಿ ಹಾಕಿಬಿಟ್ಟಿತು. ಮೇ 12ಕ್ಕೆ ವನ್ನಾಕ್ರೈ ಬಂತು.

ಈ ವೈರಸ್ಸಿಗೆ ಯಾರೂ ಮೇಲ್ ತೆಗೆಯಬೇಕಾಗಿರಲಿಲ್ಲ, ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ಒಂದು ಮಶೀನಿಗೆ ಹೊಕ್ಕರೆ ಅದೇ ಓಣಿಯ ಉಳಿದ ಮಶೀನುಗಳ 445ನೇ ಪೋರ್ಟನ್ನು ತಾನೇ ತಟ್ಟುತ್ತಾ ಹೋಗ್ತಿತ್ತು. ಅದು ಫೈಲು ಹಂಚಿಕೆಯ ಬಾಗಿಲು. ತೆಗೆದರೆ ಒಳಗಿದ್ದ ಫೈಲುಗಳಿಗೆಲ್ಲ ಬೀಗ ಜಡಿದು, ಬಿಚ್ಚೋಕೆ 300 ಡಾಲರ್ ಬಿಟ್‌ಕಾಯಿನ್ ಕೊಡಿ ಅಂತ ಬರೆದು ತೋರಿಸ್ತಿತ್ತು. ಕೆಲವೇ ದಿನದಲ್ಲಿ 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರು ಸಿಕ್ಕಿಬಿದ್ದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್ನುಗಳೇ ಮುಂದಕ್ಕೆ ಹೋದವು. ಹಾಳಾದವುಗಳಲ್ಲಿ ಬಹುಪಾಲು ವಿಂಡೋಸ್ 7, ಎರಡು ತಿಂಗಳ ಹಿಂದಿನ ತಿದ್ದುಪಡಿ ಹಾಕಿಕೊಳ್ಳದವು.

ಆಮೇಲೆ ಬಾಗಿಲು ಒಂದೊಂದಾಗಿ ಮುಚ್ಚಿದವು. 2017ರ ಅಕ್ಟೋಬರಿನಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಎಸ್‌ಎಂಬಿ 1 ತಾನಾಗಿ ಬರೋದು ನಿಂತಿತು. ಹೆಸರು ಕೂಗಿ ಪಟ್ಟಿ ಮಾಡುವ ಹಳೇ ಪದ್ಧತಿ ಎಸ್‌ಎಂಬಿ 1ನ್ನೇ ನೆಚ್ಚಿಕೊಂಡಿತ್ತು, ಅದೂ ಹೋಯಿತು. 2009ರ ವಿಂಡೋಸ್ 7ರಲ್ಲಿ ಮನೆಗಳಿಗೆ ಅಂತಲೇ ಬಂದಿದ್ದ ‘ಹೋಮ್‌ಗ್ರೂಪ್’ 2018ರ ವಿಂಡೋಸ್ 10ರಲ್ಲಿ ಇಲ್ಲವಾಯಿತು. 2024ರ ಕೊನೆಗೆ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ, ಅದರಲ್ಲೂ ಪ್ರೊ ಇದ್ದರೆ, ಹೆಸರು ಹೇಳದೆ ಅತಿಥಿಯಾಗಿ ಪಕ್ಕದ ಮಶೀನಿಗೆ ಹೋಗೋದೂ ಬಂದ್. ಪ್ರತಿ ಮಾತಿಗೂ ಸಹಿ ಬೇಕು.

ಗುಳೇದಗುಡ್ಡದ ಆ ಮನೆಯಲ್ಲಿ ಎರಡು ಕಂಪ್ಯೂಟರು ಮಾತು ಬಿಟ್ಟಿದ್ದು ಇದಕ್ಕೆ. ಹಳೆಯದು ಬಾಗಿಲು ತೆರೆದಿಟ್ಟ ಕಾಲದ್ದು. ಹೊಸದು ‘ನೀ ಯಾರ ಪೈಕಿ?’ ಅಂತ ಕೇಳದೆ ಯಾರ ಜೊತೆಗೂ ಮಾತಾಡಲ್ಲ. ಇಂಟರ್ನೆಟ್ಟಿನ ಆ ಮೂರು ಉತ್ತರಗಳು ಹೊಸದನ್ನು ಹಿಡಿದು ಹಳೇ ಕಾಲಕ್ಕೆ ದಬ್ಬುತ್ತವೆ.

ಹಾಗಾದರೆ ಏನು ಮಾಡೋದು?

ಇತಿಹಾಸ ಯಾವ ಕ್ರಮದಲ್ಲಿ ನಡೆಯಿತೋ ಅದೇ ಕ್ರಮದಲ್ಲಿ ನೋಡುತ್ತಾ ಬಂದರೆ ಸಾಕು: ಮೊದಲು ತಂತಿ, ಆಮೇಲೆ ಹೆಸರು, ಆಮೇಲೆ ಗುರುತು, ಕೊನೆಗೆ ಡಯಲೆಕ್ಟು.

ಎರಡೂ ಒಂದೇ ಓಣಿಯಲ್ಲಿ ಇದಾವಾ? ಎರಡೂ ಕಡೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ಐಪಿಕಾನ್ಫಿಗ್’ ಕೊಟ್ಟು ನೋಡಿ. ಒಂದು 192.168.1.5, ಇನ್ನೊಂದು 192.168.1.8 ಅಂತಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಒಂದರಲ್ಲಿ ಮೂರನೇ ಅಂಕಿ 1, ಇನ್ನೊಂದರಲ್ಲಿ 0 ಇದ್ದರೆ ಮನೆಯಲ್ಲಿ ಎರಡು ರೌಟರಿದಾವೆ ಅಂತ ಅರ್ಥ. ಇಂಟರ್ನೆಟ್ಟಿನವರು ಕೊಟ್ಟಿದ್ದು ಒಂದು, ಒಳಕೋಣೆಗೆ ಸಿಗ್ನಲ್ ಬರಲ್ಲ ಅಂತ ನಾವು ತಂದಿದ್ದು ಒಂದು. ನಮ್ಮ ಊರುಗಳಲ್ಲಿ ಇದು ಬಹಳ. ಎರಡನೆಯದನ್ನು ‘ಅಕ್ಸೆಸ್ ಪಾಯಿಂಟ್’ ಅಂತ ಬದಲಾಯಿಸಿದರೆ ಓಣಿ ಒಂದಾಗುತ್ತೆ. ಲ್ಯಾಪ್‌ಟಾಪು ‘ಗೆಸ್ಟ್’ ವೈಫೈನಲ್ಲಿ ಇದ್ದರೂ ಪಕ್ಕದ ಮಶೀನು ಕಾಣಲ್ಲ.

ಹೆಸರಿನ ತೊಂದರೆಯಾ? ನೆಟ್‌ವರ್ಕ್ ಪಟ್ಟಿಯಲ್ಲಿ ಕಾಣ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎಕ್ಸ್‌ಪ್ಲೋರರಿನ ವಿಳಾಸದ ಜಾಗದಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಆ ಕಡೆಯ ಐಪಿ ನಂಬರ್ ಹೊಡೆಯಿರಿ. ಅದರಿಂದ ತೆರೆದರೆ ಮಾತುಕತೆ ಸರಿ ಇದೆ, ಹೆಸರು ಕೂಗೋದು ಮಾತ್ರ ಕೆಟ್ಟಿದೆ ಅಂತ ಗೊತ್ತಾಯಿತು. ವಿಂಡೋಸಿನ ಸರ್ವಿಸಸ್ ಪಟ್ಟಿಯಲ್ಲಿ ‘ಫಂಕ್ಷನ್ ಡಿಸ್ಕವರಿ’ ಅಂತ ಶುರುವಾಗುವ ಎರಡು ಸೇವೆಗಳನ್ನು ಆಟೊಮ್ಯಾಟಿಕ್ ಮಾಡಿದರೆ ಹೆಸರೂ ಬರುತ್ತೆ.

ನಂಬರಿನಿಂದಲೂ ತೆರೆಯದಿದ್ದರೆ ಎರಡೂ ಕಡೆ ನೆಟ್‌ವರ್ಕು ‘ಪ್ರೈವೇಟ್’ ಅಥವಾ ‘ಹೋಮ್’ ಅಂತಿದೆಯಾ ನೋಡಿ. ‘ಪಬ್ಲಿಕ್’ ಇದ್ದರೆ ಮಶೀನು ತಾನು ಬಸ್‌ಸ್ಟ್ಯಾಂಡಿನಲ್ಲಿ ಇದೀನಿ ಅಂದುಕೊಂಡು ಜೇಬು ಹಿಡ್ಕೊಂಡು ಕೂತಿರುತ್ತೆ. ಇದೊಂದನ್ನು ಬದಲಾಯಿಸಿ, ಫೈಲ್ ಶೇರಿಂಗ್ ಆನ್ ಮಾಡಿದರೆ ಫೈರ್‌ವಾಲ್ ಪೂರ್ತಿ ತೆಗೆಯುವ ಪ್ರಶ್ನೆಯೇ ಬರಲ್ಲ.

ಗುರುತಿನದು ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಕೊಳ್ಳುವ ಜಾಗ. ದಿನಾ ಲಾಗಿನ್ ಆಗುವ ನಾಲ್ಕಂಕಿಯ ಪಿನ್ ಇದೆಯಲ್ಲ, ಅದು ಆ ಮಶೀನಿನ ಹೊಸ್ತಿಲು ದಾಟಲ್ಲ. ಪಾಸ್‌ವರ್ಡ್ ಇಲ್ಲದ ಖಾತೆಯೂ ನೆಟ್‌ವರ್ಕಿನಲ್ಲಿ ನಡೆಯಲ್ಲ. ಅದಕ್ಕೆ ಫೈಲು ಇರುವ ಮಶೀನಿನಲ್ಲಿ ಹಂಚಿಕೆಗೆ ಅಂತಲೇ ಒಂದು ಬೇರೆ ಖಾತೆ ಮಾಡಿ, ಪಾಸ್‌ವರ್ಡ್ ಇಡಿ. ಫೋಲ್ಡರನ್ನು ಆ ಖಾತೆಗೆ ಮಾತ್ರ ಕೊಡಿ. ಇನ್ನೊಂದು ಮಶೀನು ಯಾರು ನೀನು ಅಂದಾಗ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ‘ನೆನಪಿಟ್ಟುಕೋ’ ಅನ್ನಿ. ಐದು ನಿಮಿಷದ ಕೆಲಸ, ‘ಎವ್ರಿವನ್’ ಬೇಕಾಗಲ್ಲ. ಫೋಟೋಗಳಂತೆ ಬರೀ ನೋಡೋಕೆ ಬೇಕಾದ ಫೋಲ್ಡರಿಗೆ ಓದುವ ಅನುಮತಿ ಸಾಕು. ಬರೆಯುವ ಅನುಮತಿ ಇರುವ ಕಡೆಗೆಲ್ಲ ವೈರಸ್ಸೂ ಬರೆಯುತ್ತೆ ಅನ್ನೋದು ನೆನಪಿರಲಿ.

ಕೊನೆಗೆ ಡಯಲೆಕ್ಟು. ವಿಂಡೋಸ್ 7ಕ್ಕೆ ಎಸ್‌ಎಂಬಿ 2.1 ಬರುತ್ತೆ, ವಿಂಡೋಸ್ 11ಕ್ಕೂ ಅದು ಬರುತ್ತೆ. ಇಬ್ಬರ ನಡುವೆ ಎಸ್‌ಎಂಬಿ 1 ಬೇಕೇ ಇಲ್ಲ. ಇಷ್ಟು ಗೊತ್ತಿಲ್ಲದೆ ಎಷ್ಟು ಮನೆಗಳಲ್ಲಿ ಅದನ್ನು ಆನ್ ಮಾಡಿಟ್ಟಿದಾರೋ! ಎಸ್‌ಎಂಬಿ 1 ಬಿಟ್ಟು ಬೇರೆ ಬಾರದೇ ಇರೋದು ಎಕ್ಸ್‌ಪಿ ಮತ್ತು ಕೆಲವು ಹಳೇ ಡಬ್ಬಿಗಳಿಗೆ. ಎಕ್ಸ್‌ಪಿಗೆ 2014ರಲ್ಲೇ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಮೈಕ್ರೋಸಾಫ್ಟಿನ ಆರೈಕೆ ನಿಂತಿದೆ. ಎಕ್ಸ್‌ಪಿ ಆದರೆ ನೆಟ್‌ವರ್ಕಿನಿಂದ ಬಿಡಿಸಿ, ಫೈಲು ಪೆನ್‌ಡ್ರೈವಿನಲ್ಲಿ ತಂದು, ಅದಕ್ಕೆ ವಿಶ್ರಾಂತಿ ಕೊಡಿ. ವಿಂಡೋಸ್ 7 ಆದರೂ ಅದರಲ್ಲಿರುವ ಲೆಕ್ಕವನ್ನು ಹೊಸ ಮಶೀನಿಗೆ ದಾಟಿಸುವ ತನಕ ಮಾತ್ರ ಇಟ್ಟುಕೊಳ್ಳಿ. ಏನೇ ಮಾಡುವ ಮುಂಚೆ ಲೆಕ್ಕದ ಒಂದು ಪ್ರತಿ ಹೊರಗಿನ ಡಿಸ್ಕಿಗೆ ಹಾಕಿ, ಡಿಸ್ಕು ಬಿಚ್ಚಿ ಕಪಾಟಿನಲ್ಲಿಡಿ.

ಫೈಲು ಬಂತು, ಕನ್ನಡ ಬರಲಿಲ್ಲ

ಇಷ್ಟೆಲ್ಲ ಆಗಿ ಫೋಲ್ಡರು ತೆರೆದು ಹಳೇ ಲೆಕ್ಕದ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡ್ತೀರಿ. ಅಲ್ಲಿ ಕನ್ನಡ ಇರಲ್ಲ. ಇಂಗ್ಲಿಷಿನ ಪಿ ಅಕ್ಷರ, ತಲೆ ಮೇಲೆ ಗೀಟು ಎಳೆದ ಎ, ನಡುವೆ ಒಂದು ಪೌಂಡ್ ಚಿಹ್ನೆ. ಅದು ‘ಕನ್ನಡ’ ಅನ್ನೋ ಪದ! ಹೊರಗಿನವರ ಕೈಪಿಡಿಗಳಲ್ಲಿ ಈ ಕೊನೇ ಮೆಟ್ಟಿಲು ಇರಲ್ಲ, ಯಾಕಂದ್ರೆ ಇದು ನಮ್ಮದೇ ಇತಿಹಾಸ.

1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಅದಾದ ಕೆಲವೇ ವರ್ಷಕ್ಕೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು, ಅದನ್ನು ಸರ್ಕಾರವೂ ಒಪ್ಪಿಕೊಂಡಿತು. ತಾಲೂಕು ಕಚೇರಿಯಿಂದ ಡಿಟಿಪಿ ಅಂಗಡಿಯ ತನಕ ಕನ್ನಡ ಕಂಪ್ಯೂಟರಿಗೆ ಬಂದದ್ದು ಇವುಗಳಿಂದ. ಆ ಉಪಕಾರ ಸಣ್ಣದಲ್ಲ. ಆದರೆ ಆ ದಿನಗಳಲ್ಲಿ ಇವು ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದವು. ಫೈಲಿನೊಳಗೆ ಇರೋದು ಪಿ, ಫಾಂಟು ಅದನ್ನು ಕ ಅಂತ ತೋರಿಸುತ್ತೆ. ಫಾಂಟು ಇಲ್ಲದ ಮಶೀನಿನಲ್ಲಿ ಪಿ ಪಿಯಾಗೇ ಕಾಣುತ್ತೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗ 1991ರಲ್ಲೇ ಸಿಕ್ಕಿತ್ತು, ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನ ಜೊತೆಗೇ ಬಂದಿತ್ತು. ಬಳಕೆಗೆ ಬರೋಕೆ ಮಾತ್ರ ಇನ್ನೂ ಬಹಳ ವರ್ಷ ಹಿಡೀತು. ಆ ನಡುವಿನ ಕಾಲದಲ್ಲಿ ಟೈಪಾದ ಲೆಕ್ಕ, ಪತ್ರ, ಸಂಘದ ನಡಾವಳಿ, ಯಾರೋ ಬರೆದ ಕವಿತೆ ಎಲ್ಲಾ ಇನ್ನೂ ಪಿ ಮತ್ತು ಪೌಂಡ್ ಚಿಹ್ನೆಯಲ್ಲೇ ಮಲಗಿವೆ.

ಇದಕ್ಕೆ ಮದ್ದು ಸುಲಭ. ನುಡಿ, ಬರಹ ಎರಡರ ಫೈಲುಗಳನ್ನೂ ಯೂನಿಕೋಡಿಗೆ ಬದಲಾಯಿಸುವ ಸಾಧನಗಳು ಪುಕ್ಕಟೆ ಸಿಗ್ತವೆ. ಆದರೆ ಬದಲಾಯಿಸಿದ ಮೇಲೆ ಸರಿ ಬಂದಿದೆಯಾ ಅಂತ ತಾಳೆ ನೋಡೋಕೆ ಮೂಲ ಫಾಂಟು ಇರುವ ಒಂದು ಮಶೀನು ಬೇಕು. ಒತ್ತಕ್ಷರ, ಅರ್ಕಾವತ್ತು ಆಗಾಗ ಕೈಕೊಡ್ತವೆ. ನೇಕಾರರ ಹೆಸರು ತಪ್ಪಾದರೆ ಬಾಕಿ ಯಾರದು ಅಂತ ಗೊತ್ತಾಗಲ್ಲ.

ಆ ಹಳೇ ಡೆಸ್ಕ್‌ಟಾಪಿನ ಪಕ್ಕ ಕೂತು ಹೆಸರುಗಳನ್ನು ಓದಿ ಹೇಳಬಲ್ಲ ಹಿರಿಯರು ಇದ್ದಾಗಲೇ ಈ ಕೆಲಸ ಆಗಬೇಕು. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಮಧ್ಯಾಹ್ನ ಇದಕ್ಕೆ ಇಟ್ಟುಕೊಳ್ಳಿ. ಮಶೀನು ಇನ್ನೆಷ್ಟು ದಿನ ನಡೆಯುತ್ತೋ ಹೇಳೋಕಾಗಲ್ಲ.